ಮೆರವಣಿಗೆ ಕುದುರೆಯ ಮಾರ್ಕ್ಸ್ ಕಾರ್ಡು

ಅನುಗೊಂಡನಹಳ್ಳಿ ಕಡೆಯ ನಮ್ಮ ಹೊಲದಲ್ಲಿ ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಂದು ಜಾಗವಿದೆ. ಅಲ್ಲಿ ನಾವು ರಾಗಿ ಬಿತ್ತುವುದಿಲ್ಲ. ಯಾಕೆ ಬಿತ್ತುವುದಿಲ್ಲ ಎಂದು ಊರಿನವರು ಕೇಳಿ ಕೇಳಿ ಸುಸ್ತಾಗಿದ್ದಾರೆ, ನಾನು ಹೇಳಿ ಸುಸ್ತಾಗಿಲ್ಲ. ಅದು ಕುದುರೆಯ ಅಂಕಣ. ಅಲ್ಲಿ ನಾನು, ಐವತ್ತರ ಹತ್ತಿರದ ಹೆಂಗಸು, ಮದುವೆ ಮೆರವಣಿಗೆಯ ಕುದುರೆಯೊಂದನ್ನು ಹತ್ತಿ ಮೊಬೈಲಿನ ಮುಂದೆ ಸುತ್ತು ಹೊಡೆದು, ಆ ವಿಡಿಯೋವನ್ನು ನಾನು ಕಂಡರಿಯದ ತೀರ್ಪುಗಾರರಿಗೆ ಕಳಿಸುತ್ತೇನೆ. ಅವರು ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಹಾಕುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಒಂದೇ ಒಂದು ಸಲ ನಡೆದಿದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಡಂ. ವಿಸಿಲ್ ಊದುವುದು, ಸುಣ್ಣದ ಪುಡಿಯಲ್ಲಿ ಖೋಖೋ ಅಂಕಣ ಹಾಕುವುದು, ಬೆಳಗಿನ ಪ್ರಾರ್ಥನೆಗೆ ಸಾಲು ನೆಟ್ಟಗೆ ಮಾಡಿಸುವುದು ನನ್ನ ಕೆಲಸ. ಇನ್ನೊಂದು ಕೆಲಸವನ್ನು ಯಾರೂ ಹೇಳದೆ ನಾನೇ ಮೈಮೇಲೆ ಎಳೆದುಕೊಂಡಿದ್ದೇನೆ. ಶಾಲೆಗೆ ಬರುವುದನ್ನು ನಿಲ್ಲಿಸಿದ ಹುಡುಗಿಯರ ಮನೆಗೆ ಹೋಗಿ ಅವರಪ್ಪಂದಿರ ಜೊತೆ ಜಗಳವಾಡುತ್ತೇನೆ. ಹಾಗೆ ಜಗಳವಾಡಿಸಿಕೊಂಡವರಲ್ಲಿ ಹೊಸಕೋಟೆಯ ಯಜಮಾನನೊಬ್ಬ, ಮದುವೆಗಳಿಗೆ ಕುದುರೆ ಕಳಿಸುವವನು. ಆತನ ಮಗಳು ನಮ್ಮ ಕಬಡ್ಡಿ ತಂಡದಲ್ಲಿದ್ದಳು. ಗಂಡು ಗೊತ್ತಾಗಿದೆ ಎಂದು ಒಂಬತ್ತನೇ ಕ್ಲಾಸಿಗೇ ಬಿಡಿಸಿದ್ದ. ನಾನು ಆತನ ಮನೆ ಬಾಗಿಲಲ್ಲಿ ನಿಂತು, "ಕಲೀತಾ ಇರೋಳನ್ನ ಬಿಡಿಸ್ಬಾರ್ದು ಕಣಪ್ಪಾ, ಅವ್ಳಿಗೆ ಇನ್ನೂ ಏನೇನು ಬರುತ್ತೆ ಅಂತ ನಿಂಗೇನು ಗೊತ್ತು" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದೆ. ಆತ ಗೊಣಗಿಕೊಂಡೇ ಮಗಳನ್ನು ವಾಪಸು ಕಳಿಸಿದ. ಆ ಹುಡುಗಿ ಈಗ ಎಂ.ಕಾಂ. ಮುಗಿಸಿದ್ದಾಳೆ.

ಕೊರೊನಾ ಬಂದ ವರ್ಷ ಯುಗಾದಿಯ ಹೊತ್ತಿಗೆ ಮದುವೆ ಮೆರವಣಿಗೆಗಳು ನಿಂತವು. ಮೇಲೆ ವಿಮಾನಗಳೂ ನಿಂತವು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ನಮ್ಮ ಕಡೆಯವರು ವಿಮಾನ ಇಳಿಯುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದನ್ನು ಕಲಿತಿದ್ದರು. ಸದ್ದೇ ಇಲ್ಲದ ಆ ದಿನಗಳಲ್ಲೂ ನಮ್ಮತ್ತೆ ಅಭ್ಯಾಸಬಲದಿಂದ ಮಾತಿನ ನಡುವೆ ತಡೆದು ಆಕಾಶ ನೋಡುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಯಜಮಾನ ಹೊಸಕೋಟೆಯಿಂದ ಬಿಳಿ ಹೆಣ್ಣುಕುದುರೆಯೊಂದನ್ನು ನಡೆಸಿಕೊಂಡು ನಮ್ಮ ಮನೆ ಮುಂದೆ ಬಂದು ನಿಂತ.

"ನಿಮ್ಮ ಹೊಲದಾಗೆ ಹುಲ್ಲೈತೆ ಮೇಡಂ. ಇವ್ಳನ್ನ ಇಟ್ಕೊಂಡಿರಿ. ಬ್ಯಾಂಡು ಶುರುವಾದ ದಿನ ಬಂದು ಹೊಡ್ಕೊಂಡು ಹೋಗ್ತೀನಿ" ಎಂದ.

ಕುದುರೆಯ ಎಡಗಣ್ಣಿನ ಪಕ್ಕ ಹೆಬ್ಬೆಟ್ಟಿನಗಲ ಕೂದಲಿರಲಿಲ್ಲ. ಯಾವುದೋ ಮದುವೆಯಲ್ಲಿ ಪಟಾಕಿ ಸಿಡಿದದ್ದು ಎಂದು ಆತನೇ ಹೇಳಿದ. ಮೊದಲ ವಾರ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಕೊಟ್ಟಿಗೆಯಲ್ಲಿ ಅವಳ ಮೈ ನಡುಗುತ್ತಿತ್ತು. ಆಮೇಲೆ ವಿಮಾನಗಳು ಮತ್ತೆ ಹಾರತೊಡಗಿದಾಗ ಅವಕ್ಕೆ ಮಾತ್ರ ಕಿವಿಯನ್ನೂ ಅಲ್ಲಾಡಿಸಲಿಲ್ಲ, ವರ್ಷಗಟ್ಟಲೆ ಕೇಳಿದ್ದಳು.

ಕಾಲೇಜಿನಲ್ಲಿ ನಾನು ಎರಡು ವರ್ಷ ಕೆಡೆಟ್ ಆಗಿ ಕುದುರೆ ಹತ್ತಿದವಳು. ಮೂವತ್ತು ವರ್ಷ ಬಿಟ್ಟಿದ್ದರೂ ಅದು ಕಾಲಿಗೆ ಮರೆತಿರಲಿಲ್ಲ, ಸೊಂಟಕ್ಕೆ ಮರೆತಿತ್ತು. ಹದಿನೈದು ದಿನ ಸೊಂಟ ಹಿಡಿದುಕೊಂಡು ಓಡಾಡಿದೆ. ಆಮೇಲೆ ಅವಳೂ ನಾನೂ ಹೊಲದ ಬದುವಿನ ಮೇಲೆ ಸುತ್ತಾಡತೊಡಗಿದೆವು. ಬೆನ್ನ ಮೇಲೆ ಮದುಮಗನ ಬದಲು ಟ್ರ್ಯಾಕ್ ಪ್ಯಾಂಟಿನ ಮೇಡಂ ಕೂತದ್ದು ಅವಳಿಗೆ ಬೇಸರವಾದಂತೆ ಕಾಣಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಅವಳನ್ನು ಬ್ಯಾಂಡಿನ ಮುಂದೆ ಮತ್ತೆ ನಿಲ್ಲಿಸುವ ಮಾತನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು. ಯಜಮಾನನಿಗೆ ಫೋನ್ ಮಾಡಿ, ಅವಳನ್ನು ನಮ್ಮಲ್ಲೇ ಬಿಡು ಎಂದು ಕೇಳಿದೆ.

"ಬಿಟ್ಟು? ಹಸು ಪಕ್ಕ ಕಟ್ಟಾಕ್ತೀರಾ?" ಎಂದ. "ಕೆಲ್ಸ ಇಲ್ದಿರೋ ಕುದುರೆ ಕೆಟ್ಟೋಗುತ್ತೆ ಮೇಡಂ. ಇವ್ಳಿಗೆ ಬರೋದು ಒಂದೇ ಕೆಲ್ಸ. ಬೇರೆ ಕೆಲ್ಸ ಬರುತ್ತೆ ಅಂತ ಕುದುರೆ ಗೊತ್ತಿರೋರು ಯಾರಾದ್ರೂ ಬರ್ದು ಕೊಡ್ಲಿ, ನಿಮ್ಮತ್ರನೇ ಬಿಟ್ಬಿಡ್ತೀನಿ. ಇಲ್ಲಾಂದ್ರೆ ಬರ್ತೀನಿ."

ಆತನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ದೇವನಹಳ್ಳಿ ರಸ್ತೆಯ ಒಂದು ಸವಾರಿ ಶಾಲೆಗೆ ಹೋಗಿ, ಒಮ್ಮೆ ಬಂದು ಕುದುರೆ ನೋಡಿ ಎಂದು ಕೇಳಿದೆ. ಮೊಣಕಾಲುದ್ದದ ಬೂಟು ಹಾಕಿದ್ದ ಒಬ್ಬಾತ ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿ, "ವೆಡ್ಡಿಂಗ್ ಹಾರ್ಸಾ ಮೇಡಂ? ಅದು ಡ್ಯಾನ್ಸ್ ಮಾಡುತ್ತೆ ಅಷ್ಟೆ. ಇದೆಲ್ಲ ಬೇರೆ ಲೆವೆಲ್" ಎಂದು ನಕ್ಕ. ಸಿಟ್ಟು ನೆತ್ತಿಗೇರಿತು. ಮನೆವರೆಗೂ ಸ್ಕೂಟರನ್ನು ಬೈದುಕೊಂಡು ಓಡಿಸಿದೆ.

ಅದು ಮೊಬೈಲಿನಲ್ಲೇ ಪಿ.ಟಿ. ಕ್ಲಾಸು ನಡೆಸುತ್ತಿದ್ದ ಕಾಲ. ಮಕ್ಕಳು ಜಗಲಿಯ ಮೇಲೆ ಬಸ್ಕಿ ಹೊಡೆದು ವಿಡಿಯೋ ಕಳಿಸುತ್ತಿದ್ದರು, ನಾನು ಮಾರ್ಕ್ಸ್ ಹಾಕುತ್ತಿದ್ದೆ. ಹಿಂದೆ ಎಮ್ಮೆ ಹಾಯುವುದು, ಅಜ್ಜಿ ಬೈಯುವುದು ಎಲ್ಲ ಅದರಲ್ಲಿ ಬರುತ್ತಿತ್ತು. ಮಕ್ಕಳಿಗೆ ಹೀಗೆ ಆಗುವುದಾದರೆ ಕುದುರೆಗೆ ಯಾಕಾಗಬಾರದು ಎಂದು ಹುಡುಕಿದೆ. ಆಗಿತ್ತು. ಆನ್‌ಲೈನ್ ಕುದುರೆ ಪ್ರದರ್ಶನಗಳು ತಿಂಗಳಿಗೊಂದರಂತೆ ನಡೆಯುತ್ತಿದ್ದವು. ನನ್ನಂಥ ಹವ್ಯಾಸಿಗಳಿಗೆಂದೇ ಒಂದು ವಿಭಾಗ. ಕುದುರೆಯನ್ನು ಲಾರಿ ಹತ್ತಿಸಬೇಕಿಲ್ಲ, ಬೂಟಿನವನ ಅಪ್ಪಣೆ ಬೇಕಿಲ್ಲ. ನಮ್ಮ ಹೊಲದಲ್ಲೇ ಅಂಕಣ ಗುರುತು ಮಾಡಿ, ಹೇಳಿದ ಕ್ರಮದಲ್ಲಿ ನಡೆಸಿ, ಓಡಿಸಿ, ಸುತ್ತು ಹಾಕಿಸಿ, ಒಂದೇ ಏಟಿಗೆ ಚಿತ್ರೀಕರಿಸಬೇಕು. ನಡುವೆ ಕತ್ತರಿ ಹಾಕುವಂತಿಲ್ಲ. ಹೊರಗಿನವರ ಸಹಾಯ ಕೂಡದು.

ಅಂಕಣ ಹಾಕುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಶಾಲೆಯ ಟೇಪು ತಂದು ಅಳೆದು, ಸುಣ್ಣ ಎಳೆದು, ಪೇಂಟ್ ಡಬ್ಬದ ಮುಚ್ಚಳಗಳ ಮೇಲೆ ಇಂಗ್ಲಿಷ್ ಅಕ್ಷರ ಬರೆದು ಸುತ್ತಲೂ ನೆಟ್ಟೆ. ಒಂದು ತುದಿಯಿಂದ ಒಳಗೆ ಬಂದು, ನೆಟ್ಟಗೆ ನಡುಮಧ್ಯಕ್ಕೆ ನಡೆದು, ಅಲ್ಲಿ ಕುದುರೆ ನಾಲ್ಕು ಕಾಲೂ ಸಮವಾಗಿ ಊರಿ ಕಲ್ಲಿನಂತೆ ನಿಲ್ಲಬೇಕು. ಸವಾರರು ವಂದಿಸಬೇಕು. ಆಮೇಲೆ ಉಳಿದದ್ದು. ಎದುರು ತುದಿಯಲ್ಲಿ ನಮ್ಮ ಮನೆಯವರು ಮೊಬೈಲ್ ಹಿಡಿದು ನಿಲ್ಲುತ್ತಿದ್ದರು. ಅವರದು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ, ಆಗ ವಾರಕ್ಕೆ ಮೂರೇ ದಿನ ಹೋಗುತ್ತಿದ್ದರು.

ಬದುವಿನ ಮೇಲೆ ಜನ ಸೇರಿದರು. "ಮೇಡಮ್ಮೋರು ಮೊಬೈಲ್‌ಗೆ ಸುತ್ತು ಹಾಕ್ತಾವ್ರೆ, ಹರಕೆ ಇರ್ಬೇಕು" ಎಂದು ಒಬ್ಬ ಅಂದ. ಸುತ್ತು ಹಾಕಿದ್ದೇ ಹಾಕಿದ್ದು. ನಡುಮಧ್ಯದಲ್ಲಿ ಮಾತ್ರ ಕುದುರೆ ನಿಲ್ಲಲಿಲ್ಲ. ಲಗಾಮು ಎಳೆದರೆ ಅಡ್ಡಡ್ಡ ಹೆಜ್ಜೆ ಹಾಕಿ ಕುಣಿದಳು. ಅಷ್ಟರಲ್ಲೇ ನಾನು ವಂದನೆ ಮುಗಿಸಿದೆ. ವಿಡಿಯೋ ಕಳಿಸಿದೆ. ಮಾರ್ಕ್ಸ್ ಹಾಳೆ ಬಂತು. ನಿಂತದ್ದಕ್ಕೆ ಹತ್ತಕ್ಕೆ ಎರಡು. ವಂದನೆಗೆ ಒಂದು ಕೈ ಕೆಳಗೆ ಬಿಟ್ಟು ತಲೆ ಬಾಗಿದರೆ ಸಾಕು, ಸೈನ್ಯದ ಸೆಲ್ಯೂಟ್ ಬೇಕಿಲ್ಲ ಎಂದು ತೀರ್ಪುಗಾರರು ಬರೆದಿದ್ದರು. ನಾನು ಆಗಸ್ಟ್ ಹದಿನೈದರ ಪೆರೇಡಿನ ಸೆಲ್ಯೂಟನ್ನೇ ಹೊಡೆದಿದ್ದೆ. ನೆಲ ಇಳಿಜಾರಾಗಿದೆ, ಅದಕ್ಕೇ ನಿಲ್ಲಲಿಲ್ಲ ಎಂದು ನಮ್ಮ ಮನೆಯವರ ಹತ್ತಿರ ಹೇಳಿಕೊಂಡೆ. "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದರು. ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಅತ್ತೆಗೆ ಕಾರಣ ಸ್ಪಷ್ಟವಿತ್ತು. ಬದುವಿನ ಮೇಲೆ ನಿಂತವರ ಕಣ್ಣು ಬಿದ್ದಿದೆ. ಶುಕ್ರವಾರ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರನ್ನು ತಟ್ಟೆಯಲ್ಲಿ ಹಿಡಿದು, ಮೇಲೊಂದು ವೀಳ್ಯದೆಲೆ ಬಿಟ್ಟುಕೊಂಡು ಹೊಲಕ್ಕೆ ಬಂದರು. ನಾನು ಕುದುರೆಯ ಮೇಲಿದ್ದೆ. ಅತ್ತೆ ದೂರದಿಂದಲೇ ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತಿದರು. ಕುದುರೆ ಇದ್ದಲ್ಲೇ ನಿಂತಳು. ನಾಲ್ಕು ಕಾಲೂ ಸಮ, ಕತ್ತು ನೆಟ್ಟಗೆ, ಕಿವಿ ಮುಂದೆ. ಮೆರವಣಿಗೆಯಲ್ಲಿ ಹೆಂಗಸರು ಆರತಿ ಎತ್ತಿದ ಕೂಡಲೇ ಅವಳು ನಿಲ್ಲಬೇಕು, ಅವರೇ ಹತ್ತಿರ ಬರುತ್ತಾರೆ. ಹತ್ತು ವರ್ಷ ಅದನ್ನೇ ಮಾಡಿದವಳು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

"ನಾನು ಆ ಮೊಬೈಲ್ ಹಿಂದೆ ನಿಂತ್ಕೊಂಡ್ರೆ ಕಾಣ್ಸಲ್ಲ ಅಲ್ವೇನಮ್ಮಾ?" ಎಂದರು ಅತ್ತೆ.

"ಹೊರಗಿನವರ ಸಹಾಯ ಕೂಡ್ದು ಅಂತ ಬರ್ದವ್ರೆ ಅತ್ತೆ."

"ನಾನು ಯಾವಾಗಿಂದ ಹೊರಗಿನೋಳಾದೆ?"

ಅವರಿಗೆ ಅದು ತಮಾಷೆಯಾಗಿರಲಿಲ್ಲ. ನನಗಂತೂ ನಿಯಮ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಕಾಲು ಗೆರೆ ದಾಟಿದರೆ ವಿಸಿಲ್ ಊದುವವಳು ನಾನೇ. ಆದರೂ ಆ ಬೂಟಿನವನ ನಗು ಕಣ್ಣಮುಂದೆ ಬಂತು. ಅವರಿಗೆ ಕೋಚುಗಳಿದ್ದಾರೆ, ಹುಲ್ಲಿನ ಮೈದಾನಗಳಿವೆ, ನಮಗೆ ಒಂದು ತಟ್ಟೆ ಇದ್ದರೆ ಏನಾಯಿತು ಎಂದುಕೊಂಡೆ. ಎರಡನೆಯ ವಿಡಿಯೋದಲ್ಲಿ ಅತ್ತೆ ಮೊಬೈಲ್ ಹಿಂದೆ ಸೆರಗಿನ ಕೆಳಗೆ ತಟ್ಟೆ ಹಿಡಿದು ನಿಂತರು. ಕುದುರೆ ನಡುಮಧ್ಯಕ್ಕೆ ಬರುತ್ತಿದ್ದಂತೆ ಎತ್ತಿದರು. ಅವಳು ನಿಂತ ಚಂದಕ್ಕೆ ಬದುವಿನ ಮೇಲಿನವರೂ ಬಾಯಿ ಮುಚ್ಚಿದರು.

ನಿಂತದ್ದಕ್ಕೆ ಹತ್ತಕ್ಕೆ ಎಂಟು. ಕುದುರೆಯ ಗಮನವೆಲ್ಲ ಮುಂದಿದೆ, ಬಾಯಿ ಮೆತ್ತಗೆ ಆಡುತ್ತಿದೆ, ಕಡಿವಾಣವನ್ನು ಸಂತೋಷದಿಂದ ಒಪ್ಪಿಕೊಂಡಿದೆ ಎಂದು ಬರೆದಿದ್ದರು. ಹಿನ್ನೆಲೆಯ ಸದ್ದಿಗೆ ಬೆದರದ ಧೈರ್ಯವನ್ನೂ ಹೊಗಳಿದ್ದರು. ಅಷ್ಟು ಹೊತ್ತಿಗೆ ವಿಮಾನಗಳು ಮತ್ತೆ ಹಾರುತ್ತಿದ್ದವು. ಹವ್ಯಾಸಿ ವಿಭಾಗದಲ್ಲಿ ಮೂರನೆಯ ಸ್ಥಾನ. ಸರ್ಟಿಫಿಕೇಟನ್ನು ಹೊಸಕೋಟೆಯಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ನಡುಮನೆಯ ಗೋಡೆಗೆ ಹೊಡೆದೆ. ಹರಕೆ ಎಂದವನನ್ನು ಕರೆದು ಕಾಫಿ ಕೊಟ್ಟು ತೋರಿಸಿದೆ.

ಕಾರ್ತಿಕ ಕಳೆಯುವಷ್ಟರಲ್ಲಿ ಯಜಮಾನ ಬಂದ. ಮದುವೆಗಳು ಸಣ್ಣದಾಗಿ ಶುರುವಾಗಿದ್ದವು. ನಾನು ಗೋಡೆಯಿಂದ ಸರ್ಟಿಫಿಕೇಟ್ ತೆಗೆದು ಆತನ ಕೈಗೆ ಕೊಟ್ಟೆ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಆತ ಅದನ್ನು ಪಕ್ಕಕ್ಕಿಟ್ಟು, "ವಿಡಿಯೋ ತೋರ್ಸಿ" ಎಂದ. ಕುದುರೆ ನಿಂತ ಜಾಗ ಬಂದಾಗ ತಡೆದು, ಹಿಂದಕ್ಕೆ ಹೋಗಿ, ಮತ್ತೆ ನೋಡಿದ.

"ತಟ್ಟೆ ಯಾರು ಹಿಡ್ದಿದ್ರು?" ಎಂದು ಕೇಳಿದ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಕಿವಿ ನೋಡಿ ಮೇಡಂ, ತಟ್ಟೆ ಕಡೆಗವೆ. ಬಾಯಿ ಚಪ್ಪರಿಸ್ತಾವ್ಳೆ. ಆರತಿ ಆದ್ಮೇಲೆ ಬೆಲ್ಲ ಕೊಡ್ತಾರಲ್ಲ, ಅದಕ್ಕೆ. ಇದು ನನ್ನ ಕೆಲ್ಸನೇ ಅಲ್ವಾ? ಬ್ಯಾಂಡಿಲ್ಲ, ಗಂಡಿಲ್ಲ, ಅಷ್ಟೇ."

ಎಲ್ಲರೂ ಏನಾದರೂ ಉಪಾಯ ಮಾಡಿರುತ್ತಾರೆ ಎಂದು ಬಾಯಿ ತೆರೆದೆ. ಮಾತು ನನಗೇ ಹೊಲಸಾಗಿ ಕೇಳಿಸಿ ಮುಚ್ಚಿದೆ. ಮೆರವಣಿಗೆಯಿಂದ ಅವಳನ್ನು ಬಿಡಿಸುತ್ತೇನೆ ಎಂದು ಹೊರಟವಳು ನನ್ನ ಹೊಲದಲ್ಲೇ ಮೆರವಣಿಗೆ ಮಾಡಿಸಿದ್ದೆ. ಕಡಿವಾಣ ಒಪ್ಪಿದ ಬಾಯಿ ಎಂದು ತೀರ್ಪುಗಾರರು ಬರೆದದ್ದನ್ನು ಬೆಲ್ಲದ ಆಸೆ ಎಂದು ಆತ ಒಂದೇ ನೋಟಕ್ಕೆ ಹೇಳಿದ್ದ. ಅಷ್ಟು ನಾಚಿಕೆ ನನಗೆ ಯಾವ ಸೋಲಿನಲ್ಲೂ ಆಗಿಲ್ಲ. ಇನ್ನೊಂದು ಅವಕಾಶ ಕೊಡು ಎಂದು ಕೇಳಿದೆ. ಕೇಳುವಾಗ ದನಿ ತಗ್ಗಿಸಲಿಲ್ಲ, ಅದು ನನ್ನ ಸ್ವಭಾವದಲ್ಲಿಲ್ಲ.

"ಹೆಂಗೂ ಧನುರ್ಮಾಸದಾಗೆ ಮದ್ವೆ ಇರಲ್ಲ" ಎಂದ ಯಜಮಾನ. "ಸಂಕ್ರಾಂತಿ ಆದ್ಮೇಲೆ ಬರ್ತೀನಿ. ಬರುವಾಗ ಮೆರವಣಿಗೆ ಸಾಮಾನು ತಂದೇ ಬರ್ತೀನಿ."

ಅವತ್ತೇ ಪ್ರದರ್ಶನ ನಡೆಸುವವರಿಗೆ ನಡೆದದ್ದನ್ನೆಲ್ಲ ಬರೆದೆ. ಆರತಿ ತಟ್ಟೆ ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸಲು ಅರ್ಧ ದಿನ ಹಿಡಿಯಿತು. ಎರಡೇ ಸಾಲಿನ ಉತ್ತರ ಬಂತು, ನಿಮ್ಮ ಸ್ಥಾನ ರದ್ದಾಗಿದೆ, ಮುಂದಿನ ತಿಂಗಳು ಸ್ಪರ್ಧಿಸಬಹುದು. ಸರ್ಟಿಫಿಕೇಟನ್ನು ಹರಿದು ಹಾಕೋಣವೆಂದರೆ ಲ್ಯಾಮಿನೇಷನ್ ಹರಿಯಲಿಲ್ಲ. ಅತ್ತೆ ಅದನ್ನು ಬಿಸಿ ಪಾತ್ರೆಯ ಕೆಳಗೆ ಇಡಲು ಇಟ್ಟುಕೊಂಡರು. ನಮ್ಮ ಮನೆಯಲ್ಲಿ ಸಾರು ಈಗಲೂ ಅದರ ಮೇಲೇ ಕೂರುತ್ತದೆ.

ಧನುರ್ಮಾಸದ ಆ ತಿಂಗಳು ಪೂರ್ತಿ, ಬೆಳಿಗ್ಗೆ ಶಾಲೆಯ ಕೆಲಸಕ್ಕೆ ಕೂರುವ ಮೊದಲು, ನಾನೂ ಅವಳೂ ನಿಲ್ಲುವುದೊಂದನ್ನೇ ಕಲಿತೆವು. ಲಗಾಮು ಎಳೆಯುವುದನ್ನು ಬಿಟ್ಟೆ. ನಡುಮಧ್ಯಕ್ಕೆ ಬಂದಾಗ ಬೆನ್ನು ನೆಟ್ಟಗೆ ಮಾಡಿ, ಉದ್ದಕ್ಕೆ ಉಸಿರು ಬಿಟ್ಟು, ಸೊಂಟ ಭಾರ ಮಾಡಿ ಕೂರುತ್ತಿದ್ದೆ. ಅವಳು ಮೊದಲು ಎದುರಿಗೆ ನೋಡುತ್ತಿದ್ದಳು. ತಟ್ಟೆ ಇಲ್ಲ. ಎಡಕ್ಕೆ ನೋಡುತ್ತಿದ್ದಳು, ಬಲಕ್ಕೆ ನೋಡುತ್ತಿದ್ದಳು. ಕಡೆಗೆ ಏನು ಮಾಡಲಿ ಎನ್ನುವಂತೆ ಕಿವಿಯನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ಆ ತಿರುಗಿದ ಕಿವಿಗಾಗಿ ಒಂದು ದಿನದಲ್ಲಿ ನಲವತ್ತು ಸಲ ನಡುಮಧ್ಯಕ್ಕೆ ಬಂದದ್ದಿದೆ. ಅತ್ತೆ ಮಾತ್ರ ಹೊಲದ ಕಡೆ ಬರಲೇ ಇಲ್ಲ. "ತಟ್ಟೆ ಇಲ್ದಿದ್ರೂ ನನ್ನ ಮುಖ ನೋಡಿ ನಿಂತ್ಬಿಟ್ಟಾಳು ಕಣಮ್ಮಾ" ಎಂದು ಚಿತ್ರೀಕರಣದ ದಿನ ಅಡುಗೆಮನೆಯ ಕಿಟಕಿಯನ್ನೂ ಹಾಕಿಕೊಂಡರು.

ಅವತ್ತು ಮಂಜು ಇತ್ತು, ಸುಣ್ಣದ ಗೆರೆ ಒದ್ದೆಯಾಗಿತ್ತು. ನಮ್ಮ ಮನೆಯವರು ಮೊಬೈಲ್ ಎತ್ತಿ ತಲೆ ಆಡಿಸಿದರು. ಒಳಗೆ ಬಂದೆವು. ಅವಳು ತಲೆ ಎತ್ತಿ ಎದುರಿನ ತುದಿಯನ್ನು ಹುಡುಕಿದಳು. ನಡುಮಧ್ಯ ಬಂತು. ಉಸಿರು ಬಿಟ್ಟೆ. ಅವಳು ಎರಡು ಹೆಜ್ಜೆ ಮುಂದೆ ಹೋದಳು. ಆಮೇಲೆ ಕಿವಿ ಹಿಂದಕ್ಕೆ ತಿರುಗಿತು, ಅವಳು ನಿಂತಳು. ಹಿಂದಿನ ಎಡಗಾಲು ಒಂದು ಗೇಣು ಹಿಂದೆ ಉಳಿದಿತ್ತು. ನಾನು ಕೈ ಕೆಳಗೆ ಬಿಟ್ಟು ತಲೆ ಬಾಗಿದೆ. ಕಣ್ಣಲ್ಲಿ ನೀರು ಬಂದದ್ದು ವಿಡಿಯೋದಲ್ಲಿ ಕಾಣುವುದಿಲ್ಲ.

"ಕಾಲು ಹಿಂದೆ ಉಳ್ಕೊಂತು ಕಣೆ, ಇನ್ನೊಂದ್ಸಲ ಮಾಡೋಣ್ವಾ?" ಎಂದರು ನಮ್ಮ ಮನೆಯವರು, ಎಲ್ಲ ಮುಗಿದ ಮೇಲೆ.

"ಬೇಡ. ಇದೇ ಹೋಗ್ಲಿ" ಎಂದೆ. ಅರ್ಜಿಯಲ್ಲಿ ಕುದುರೆಯ ತಳಿ ಎಂಬ ಕಡೆ ಹಿಂದೆರಡು ಸಲ ಗೊತ್ತಿಲ್ಲ ಎಂದು ಬರೆದಿದ್ದೆ. ಈ ಸಲ ಮದುವೆ ಮೆರವಣಿಗೆಯ ಕುದುರೆ ಎಂದು ಬರೆದೆ. ಬೂಟಿನವನು ಓದಲಿ ಎಂದು ಮನಸ್ಸಿನಲ್ಲಿತ್ತು. ಅವನು ಓದುವುದಿಲ್ಲ ಎಂದೂ ಗೊತ್ತಿತ್ತು.

ಸಂಕ್ರಾಂತಿಯ ಮಾರನೆಯ ವಾರ ಯಜಮಾನ ಗೋಣಿಚೀಲ ಹೊತ್ತುಕೊಂಡು ಬಂದ. ಅದರ ಬಾಯಿಂದ ಕುದುರೆಯ ಹಣೆಗೆ ಕಟ್ಟುವ ಕೆಂಪು ತುರಾಯಿ ಹೊರಗೆ ಕಾಣುತ್ತಿತ್ತು. ಮಾರ್ಕ್ಸ್ ಹಾಳೆ ಹಿಂದಿನ ದಿನವಷ್ಟೇ ಬಂದಿತ್ತು. ಹದಿನಾರು ಜನರಲ್ಲಿ ನಾವು ಹದಿನಾಲ್ಕನೆಯವರು. ನಾನು ಓದಲು ಶುರುಮಾಡಿದಾಗ ಆತ ಕೈ ಅಡ್ಡ ಹಿಡಿದ.

"ನೀವು ಓದ್ಬೇಡಿ ಮೇಡಂ. ನನ್ನ ಮಗ್ಳು ಓದ್ಲಿ."

ಹಾಳೆಯ ಫೋಟೋ ಹೊಸಕೋಟೆಗೆ ಹೋಯಿತು. ಸ್ಪೀಕರಿನಲ್ಲಿ ನನ್ನ ಹಳೆಯ ಕಬಡ್ಡಿ ಹುಡುಗಿಯ ದನಿ ಬಂತು. ಮೊದಲು "ನಮಸ್ತೆ ಮಿಸ್" ಎಂದಳು, ಆಮೇಲೆ ಅಪ್ಪನಿಗೆ ಓದಿ ಹೇಳಿದಳು. ನಿಂತದ್ದಕ್ಕೆ ಹತ್ತಕ್ಕೆ ನಾಲ್ಕು. ನಡಿಗೆಗೆ ಆರು. ಒಂದು ಸುತ್ತು ಕೋಳಿಮೊಟ್ಟೆಯಂತಾಗಿದೆ, ಅದಕ್ಕೆ ಐದು. ಯಜಮಾನನ ಮುಖದಲ್ಲಿ ಏನೂ ಕಾಣಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗು ಹಿಂಡುತ್ತಾ ನಿಂತಿದ್ದರು.

"ಕೆಳಗೆ ಇನ್ನೊಂದು ಲೈನ್ ಐತಪ್ಪಾ" ಎಂದಳು ಹುಡುಗಿ. "ಕುದುರೆ ಇನ್ನೂ ಕಲೀತಾ ಇದೆ, ಕಲಿಯೋ ಮನ್ಸಿದೆ, ಅರ್ಜೆಂಟ್ ಮಾಡ್ಬೇಡಿ ಅಂತ ಬರ್ದವ್ರೆ."

ಆತ ಫೋನಿಟ್ಟ. ವಿಡಿಯೋ ಕೇಳಿದ. ಕುದುರೆ ನಿಂತ ಜಾಗದಲ್ಲಿ ತಡೆದು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ.

"ಯಾರ್ನೂ ನೋಡ್ತಿಲ್ಲ ಇವ್ಳು" ಎಂದ. "ಕಿವಿ ನಿಮ್ಮ ಕಡೆಗೈತೆ."

ಆತ ಎದ್ದು ಕೊಟ್ಟಿಗೆಗೆ ಹೋಗಿ, ಅವಳ ಎಡಗಣ್ಣಿನ ಪಕ್ಕದ ಬೋಳು ಜಾಗವನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿ ಬಂದ.

"ಕಲೀತಾ ಇರೋಳನ್ನ ಬಿಡ್ಸಿದ್ರೆ, ನೀವು ಮತ್ತೆ ನಮ್ಮನೆ ಬಾಗ್ಲಿಗೆ ಬಂದು ಕೂಗ್ತೀರಾ" ಎಂದ.

"ಕೂಗ್ತೀನಿ" ಎಂದೆ.

ಆತ ಗೋಣಿಚೀಲವನ್ನಷ್ಟೇ ಹೆಗಲಿಗೇರಿಸಿಕೊಂಡು ಹೊರಟ.